ಮತದಾನದಲ್ಲಿ ಕ್ರೋಧವೂ ವಾಗ್ಗುಪ್ತಿಯೂ

೧

ಚುನಾವಣೆಯ ಕಾಲದಲ್ಲಿ ಜನರ ಮನಸ್ಸು ಕೆರಳುವುದು ಸಹಜವೆಂದು ಕೆಲವರೂ, ಅದು ಪ್ರಜಾರಾಜ್ಯಕ್ಕೆ ತಗುಲಿದ ರೋಗವೆಂದು ಕೆಲವರೂ ಹೇಳುವುದುಂಟು. ಈ ಎರಡು ಮಾತುಗಳಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಕೆರಳಿದ ಮನಸ್ಸಿನಲ್ಲಿರುವುದು ಯಾವ ಭಾವವೆಂಬುದನ್ನು ವಿಂಗಡಿಸದೆ ಹೇಳಿದ ಮಾತುಗಳಾದುದರಿಂದ ಎರಡೂ ಅಪೂರ್ಣವಾಗಿವೆ. ಕ್ರೋಧವೆಂಬುದು ಬೇರೆ, ದ್ವೇಷವೆಂಬುದು ಬೇರೆ. ಕ್ರೋಧಕ್ಕೆ ಒಂದು ನಿಮಿತ್ತವಿರುತ್ತದೆ. ಕಾಲುವೆಗೆ ನೀರು ಬಾರದಿದ್ದುದು, ದಾರಿ ಹಾಳಾದುದು, ಅಧಿಕಾರಿಯು ಅನ್ಯಾಯ ಮಾಡಿದುದು ಮುಂತಾದ ಒಂದು ಕಾರ್ಯವನ್ನು ಆಶ್ರಯಿಸಿ ಅದು ಹುಟ್ಟುತ್ತದೆ. ಆ ಕಾರ್ಯಕ್ಕೆ ಪರಿಹಾರ ದೊರೆತೊಡನೆ ಶಮಿಸುತ್ತದೆ. ದ್ವೇಷವಾದರೋ ಕಾರ್ಯವನ್ನು ಬಿಟ್ಟು ವ್ಯಕ್ತಿಯನ್ನು ಹಿಡಿಯುತ್ತದೆ. ಪರಿಹಾರದಿಂದ ಅದು ತೃಪ್ತಿಗೊಳ್ಳುವುದಿಲ್ಲ, ಕಾಲದಿಂದ ಮಾಸುವುದೂ ಅಪೂರ್ವ.

ಮಹಾಭಾರತದ ವನಪರ್ವದಲ್ಲಿ ದ್ರೌಪದಿಯು ಧರ್ಮರಾಯನಿಗೆ ಪ್ರಹ್ಲಾದ-ಬಲಿಗಳ ಸಂವಾದವನ್ನು ಹೇಳಿ, ಸದಾ ಕ್ಷಮೆಯೂ ಶ್ರೇಯಸ್ಕರವಲ್ಲ, ಸದಾ ತೇಜಸ್ಸೂ ಶ್ರೇಯಸ್ಕರವಲ್ಲ, ಕಾಲವರಿತು ಎರಡನ್ನೂ ನಡೆಸಬೇಕೆಂದು ವಾದಿಸುತ್ತಾಳೆ. ಅದಕ್ಕೆ ಧರ್ಮರಾಯನು ಕ್ಷಮೆಯನ್ನೇ ಎತ್ತಿಹಿಡಿದು ಉತ್ತರ ಕೊಡುತ್ತಾನೆ. ಅನ್ಯಾಯವನ್ನು ಕಂಡು ಕೋಪಿಸದವನನ್ನು ಸಜ್ಜನನೆಂದು ಕರೆಯಲು ದ್ರೌಪದಿ ಒಪ್ಪಲಿಲ್ಲವೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಹಾಗಾದರೆ ಮತದಾರನಿಂದ ಬಯಸತಕ್ಕ ಸೌಜನ್ಯವು ಕ್ರೋಧದ ಅಭಾವವಲ್ಲ; ಕ್ರೋಧವನ್ನು ದ್ವೇಷವಾಗಿ ಹುದುಗಗೊಡದಿರುವ ಸಾಮರ್ಥ್ಯ. ಈ ಸಾಮರ್ಥ್ಯಕ್ಕೆ ಚುನಾವಣೆಯೆಂಬ ವ್ಯವಸ್ಥೆಯು ಹೇಗೆ ಆಧಾರವಾಗಿದೆಯೆಂಬುದನ್ನೂ, ಎಲ್ಲಿ ಅದು ಆಧಾರವಾಗಲಾರದೆಂಬುದನ್ನೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಚರಿತ್ರೆಯಿಂದ ವಿಶದಪಡಿಸಬಹುದು.

೨

ಈ ನಾಲ್ಕು ತಾಲ್ಲೂಕುಗಳು ೧೯೪೮ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಕೊಪ್ಪಳ ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರಿನಲ್ಲಿದ್ದವು. ಆಳುವವರನ್ನು ಆರಿಸುವ ಅಧಿಕಾರವಾಗಲಿ ಬದಲಿಸುವ ಅಧಿಕಾರವಾಗಲಿ ಸಾಮಾನ್ಯ ಪ್ರಜೆಗೆ ಇರಲಿಲ್ಲ. ಅಧಿಕಾರವಿಲ್ಲದ ಪ್ರಜೆಯ ಕ್ರೋಧಕ್ಕೆ ಎರಡೇ ದಾರಿ: ನುಂಗಿಕೊಳ್ಳುವುದು ಅಥವಾ ಆಯುಧ ಹಿಡಿಯುವುದು. ೧೮೫೮ರಲ್ಲಿ ಮುಂಡರಗಿಯ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದುದು ಎರಡನೆಯ ದಾರಿಯಿಂದ. ೧೯೪೭-೪೮ರಲ್ಲಿ ರಜಾಕಾರರ ಉಪದ್ರವವು ಹೆಚ್ಚಿದಾಗ ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರವನ್ನು ಕಟ್ಟಿ, ಅಳವಂಡಿಯ ಶಿವಮೂರ್ತಿಸ್ವಾಮಿಗಳ ನಾಯಕತ್ವದಲ್ಲಿ ಜನರು ಎದುರುನಿಂತುದೂ ಆ ದಾರಿಯಿಂದಲೇ.

೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ಅದಾದ ನಾಲ್ಕು ವರ್ಷಗಳೊಳಗೆ ದೇಶದ ಪ್ರಥಮ ಮಹಾಚುನಾವಣೆ ಬಂದಿತು. ಆ ಚುನಾವಣೆಯಲ್ಲಿ ಪ್ರತಿಯೊಬ್ಬ ಉಮೇದುವಾರನಿಗೂ ಅವನ ಚಿಹ್ನೆಯನ್ನು ಅಂಟಿಸಿದ ಪ್ರತ್ಯೇಕ ಪೆಟ್ಟಿಗೆಯಿರುತ್ತಿತ್ತು. ಮತದಾರನು ಮರೆಯಲ್ಲಿ ನಿಂತು ತನಗೆ ಬೇಕಾದವನ ಪೆಟ್ಟಿಗೆಯಲ್ಲಿ ಮತಪತ್ರವನ್ನು ಹಾಕುತ್ತಿದ್ದನು. ಶಿಬಿರದ ನಾಯಕರಾಗಿದ್ದ ಅದೇ ಶಿವಮೂರ್ತಿಸ್ವಾಮಿಗಳು ಯಾವ ಪಕ್ಷಕ್ಕೂ ಸೇರದೆ ನಿಂತು ಕುಷ್ಟಗಿ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದರು. ೧೯೫೭ರಲ್ಲಿ ಆ ಪ್ರದೇಶದ ಸ್ಥಾನವು ಕಾಂಗ್ರೆಸ್ಸಿನ ಪಾಲಾಯಿತು; ೧೯೬೨ರಲ್ಲಿ ಸ್ವಾಮಿಗಳು ಲೋಕಸೇವಕ ಸಂಘದ ಪರವಾಗಿ ಕೊಪ್ಪಳದಿಂದ ಮತ್ತೆ ಗೆದ್ದರು. ಆಯುಧದಿಂದ ತೀರುತ್ತಿದ್ದ ಜಗಳವು ಎಣಿಕೆಯಿಂದ ತೀರುವಂತಾದುದು, ಸೋತವನು ಐದು ವರ್ಷ ಕಾದು ಮತ್ತೆ ಬರಬಹುದಾದುದು, ಸಾಮಾನ್ಯ ಪರಿವರ್ತನೆಯಲ್ಲ. ಕ್ರೋಧವು ಇಲ್ಲವಾಗಲಿಲ್ಲ, ಅದಕ್ಕೊಂದು ಪಾತ್ರೆ ದೊರೆಯಿತು.

ಆ ಪಾತ್ರೆಗೆ ಮುಚ್ಚಳವೆಂದರೆ ಮತದ ಗೋಪ್ಯತೆ. ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಯಾರು ಯಾರಿಗೆ ಮತವಿತ್ತರೆಂಬುದನ್ನು ಕಾಪಾಡುವ ಹೊಣೆಯನ್ನು ಅಧಿಕಾರಿಗಳ ಮೇಲೆ ಹೊರಿಸಿದೆ. ಯಾರಿಗೆ ಮತ ಹಾಕಿದೆಯೆಂದು ಹೇಳುವಂತೆ ಮತದಾರನನ್ನು ನಿರ್ಬಂಧಿಸಲಾಗದು. ಒಡೆಯನಿಗೆ ಹೆದರುವ ಆಳಿನ ರಕ್ಷಣೆಗಾಗಿ ಮಾತ್ರ ಈ ನಿಯಮವಿದೆಯೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಅದಕ್ಕೆ ಇನ್ನೊಂದು ಪ್ರಯೋಜನವುಂಟು. ತಮ್ಮನ ಮತ ತನಗೆ ವಿರೋಧವಾಗಿತ್ತೆಂದು ಅಣ್ಣನಿಗೆ ನಿಶ್ಚಯವಾಗಿ ತಿಳಿಯದಿರುವುದರಿಂದ ಮರುದಿನ ಇಬ್ಬರೂ ಒಂದೇ ಕಣದಲ್ಲಿ ರಾಶಿ ಮಾಡಬಹುದು. ಗೋಪ್ಯತೆಯು ಸ್ವಾತಂತ್ರ್ಯದ ಕಾವಲು ಮಾತ್ರವಲ್ಲ, ನೆರೆಹೊರೆಯ ಕಾವಲೂ ಹೌದು.

೩

ಕಾಯಿದೆಯು ಕೈಯನ್ನು ಕಟ್ಟಬಲ್ಲುದು. ನಾಲಗೆಯನ್ನು ಪೂರ್ಣವಾಗಿ ಕಟ್ಟಲಾರದು. ಈ ವಿಷಯವಾಗಿ ಕೊಪ್ಪಳದ ಸೀಮೆಯಲ್ಲಿ ಹೊಸದಾಗಿ ಕಲಿಯಬೇಕಾದುದು ಕಡಮೆ; ನೆನೆಯಬೇಕಾದುದು ಹೆಚ್ಚು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಲಘುಶಿಲಾಶಾಸನಗಳಿವೆ. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ಲಭ್ಯವೆಂಬುದು ಆ ಶಾಸನದ ಬೋಧೆಗಳಲ್ಲಿ ಒಂದು. ಧನಿಕನಿಗೂ ಕೂಲಿಯವನಿಗೂ ಒಂದೊಂದೇ ಮತವೆಂಬ ಈಗಿನ ನಿಯಮವನ್ನು ಓದುವವನಿಗೆ ಆ ಕಲ್ಲಿನ ಮಾತು ಅಪರಿಚಿತವಾಗಿ ತೋರದು.

ಅದೇ ಅರಸನ ಹನ್ನೆರಡನೆಯ ಶಿಲಾಶಾಸನದ ಒಂದು ಭಾಗವು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತಿದೆ. ಆ ಶಾಸನದ ಮುಖ್ಯ ಬೋಧೆಯು ವಾಗ್ಗುಪ್ತಿ, ಎಂದರೆ ಮಾತಿನ ಕಾಪು. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಿಕೊಂಡು ಅನ್ಯರ ಪಂಥವನ್ನು ಹಳಿಯಬಾರದು. ಸಂದರ್ಭವಿದ್ದರೂ ಮಿತವಾಗಿ ಆಡಬೇಕು. ತನ್ನ ಪಂಥದ ಮೇಲಿನ ಭಕ್ತಿಯಿಂದ ಇತರರನ್ನು ನಿಂದಿಸುವವನು ತನ್ನ ಪಂಥಕ್ಕೇ ಹಾನಿಮಾಡುತ್ತಾನೆ ಎಂದು ಅದರ ತಾತ್ಪರ್ಯ. ಸುಮ್ಮನಿರೆಂದು ಅರಸನು ಹೇಳಲಿಲ್ಲವೆಂಬುದು ವಿಚಾರಾರ್ಹ. ಸಂದರ್ಭವನ್ನೂ ಪ್ರಮಾಣವನ್ನೂ ನೋಡಿ ಮಾತನಾಡೆಂದನು.

ಸುಮಾರು ಕ್ರಿ. ಶ. ೮೫೦ರ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣವನ್ನು ಹೆಸರಿಸುತ್ತದೆ, ಆ ಕೊಪಣವೇ ಇಂದಿನ ಕೊಪ್ಪಳ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವ ಶಕ್ತಿಯೇ ನಿಜವಾದ ಸಂಪತ್ತೆಂದು ಹೇಳುವುದೂ ಅದೇ ಗ್ರಂಥ. ಸೈರಣೆಯೆಂದರೆ ಒಪ್ಪಿಗೆಯಲ್ಲ, ಒಪ್ಪದುದನ್ನು ತಾಳಿಕೊಳ್ಳುವುದಕ್ಕೇ ಆ ಹೆಸರು.

ನ್ಯಾಯಶಾಸ್ತ್ರದಲ್ಲಿ ಕಥೆಯು ಮೂರು ಬಗೆ. ಪ್ರಮಾಣ-ತರ್ಕಗಳಿಂದ ತತ್ತ್ವವನ್ನು ನಿಶ್ಚಯಿಸಲು ನಡೆಸುವುದು ವಾದ. ಛಲ ಮೊದಲಾದ ಉಪಾಯಗಳಿಂದಲಾದರೂ ಗೆಲ್ಲಲು ನಡೆಸುವುದು ಜಲ್ಪ. ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯದನ್ನು ಕೆಡಹುವುದಷ್ಟೇ ವಿತಂಡ. ಚುನಾವಣೆಯ ವೇದಿಕೆಯಲ್ಲಿ ಶುದ್ಧ ವಾದವನ್ನು ನಿರೀಕ್ಷಿಸುವುದು ಅತ್ಯಾಶೆ. ಅಲ್ಲಿ ಗೆಲವೇ ಗುರಿಯಾದುದರಿಂದ ಜಲ್ಪವು ಬಂದೇ ಬರುತ್ತದೆ. ಆದರೆ ವಿತಂಡಕ್ಕೆ ಇಳಿದವನು ಮತದಾರನಿಗೆ ಆರಿಸಿಕೊಳ್ಳಲು ಏನನ್ನೂ ಕೊಟ್ಟಂತಾಗುವುದಿಲ್ಲ. ಚುನಾವಣಾ ಆಯೋಗದ ಮಾದರಿ ನೀತಿಸಂಹಿತೆಯು, ಟೀಕೆಯು ನೀತಿ, ಕಾರ್ಯಕ್ರಮ, ಹಿಂದಿನ ನಡೆವಳಿಕೆ, ಕೆಲಸ ಇವುಗಳಿಗೆ ಸೀಮಿತವಾಗಿರಬೇಕು, ಖಾಸಗಿ ಬಾಳನ್ನು ಮುಟ್ಟಬಾರದು ಎನ್ನುತ್ತದೆ. ಒಬ್ಬನ ಅಭಿಪ್ರಾಯವನ್ನು ವಿರೋಧಿಸಲೆಂದು ಅವನ ಮನೆಯ ಮುಂದೆ ಗುಂಪುಗೂಡಿ ಪ್ರತಿಭಟಿಸುವುದನ್ನೂ ನಿಷೇಧಿಸುತ್ತದೆ. ಉಮೇದುವಾರನ ಶೀಲದ ವಿಷಯವಾಗಿ ಸುಳ್ಳೆಂದು ತಿಳಿದೂ ಮಾತನ್ನು ಹಬ್ಬಿಸುವುದು ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಭ್ರಷ್ಟಾಚಾರವೆನಿಸುತ್ತದೆ. ಶಾಸ್ತ್ರವೂ ಕಾಯಿದೆಯೂ ಗೆರೆಯೆಳೆದುದು ಒಂದೇ ಕಡೆ: ಕಾರ್ಯವನ್ನು ಖಂಡಿಸಬಹುದು, ವ್ಯಕ್ತಿಯನ್ನು ಕೆಡಿಸಬಾರದು.

೪

ಈ ಗೆರೆಯನ್ನು ಮೀರುವವರು ಅಕ್ಷರವರಿಯದ ಹಳ್ಳಿಗರೆಂಬ ಭಾವನೆ ವಿದ್ಯಾವಂತರಲ್ಲಿ ಇಲ್ಲದಿಲ್ಲ. ೧೯೬೯ರ ರಾಷ್ಟ್ರಪತಿ ಚುನಾವಣೆಯು ಆ ಭಾವನೆಯನ್ನು ಸುಳ್ಳುಮಾಡುತ್ತದೆ. ಆ ಪ್ರಸಂಗದ ಆರಂಭವೂ ಅಂತ್ಯವೂ ಕರ್ಣಾಟಕಕ್ಕೆ ಸಂಬಂಧಿಸಿವೆ. ಆ ಚುನಾವಣೆಯಲ್ಲಿ ಮತದಾರರು ಸಾಮಾನ್ಯ ಪ್ರಜೆಗಳಲ್ಲ. ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರು. ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಕೂಡಿದಾಗ, ಎಸ್. ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದ ಆ ಪಕ್ಷವು ನೀಲಂ ಸಂಜೀವರೆಡ್ಡಿಯವರನ್ನು ಉಮೇದುವಾರರನ್ನಾಗಿ ಗೊತ್ತುಮಾಡಿತು. ವಿ. ವಿ. ಗಿರಿಯವರು ಸ್ವತಂತ್ರರಾಗಿ ನಿಂತರು, ಸಿ. ಡಿ. ದೇಶಮುಖರು ವಿರೋಧಪಕ್ಷಗಳ ಬೆಂಬಲದಿಂದ ನಿಂತರು. ಪ್ರಧಾನಿ ಇಂದಿರಾ ಗಾಂಧಿಯವರು ಅಂತಃಸಾಕ್ಷಿಗೆ ಅನುಸಾರವಾಗಿ ಮತವೀಯಬೇಕೆಂದು ಕರೆಯಿತ್ತರು.

ಆಗಸ್ಟ್ ೧೬ರಂದು ಮತದಾನವಾಯಿತು. ಮತಮೌಲ್ಯದ ಮೊದಲ ಎಣಿಕೆಯಲ್ಲಿ ಗಿರಿಯವರಿಗೆ ೪,೦೧,೫೧೫, ರೆಡ್ಡಿಯವರಿಗೆ ೩,೧೩,೫೪೮, ದೇಶಮುಖರಿಗೆ ೧,೧೨,೭೬೯ ಬಂದವು. ಯಾರಿಗೂ ಬೇಕಾದಷ್ಟು ಮೌಲ್ಯ ದೊರೆಯಲಿಲ್ಲವಾಗಿ ಎರಡನೆಯ ಆಯ್ಕೆಯ ಮತಗಳನ್ನು ಎಣಿಸಬೇಕಾಯಿತು. ಕಡೆಗೆ ೪,೨೦,೦೭೭ಕ್ಕೆ ೪,೦೫,೪೨೭ರಂತೆ ಗಿರಿಯವರು ಗೆದ್ದರು. ಇಷ್ಟರಲ್ಲಿ ರೆಡ್ಡಿಯವರ ಖಾಸಗಿ ಬಾಳನ್ನು ಹಳಿಯುವ, ಬರೆದವರ ಹೆಸರಿಲ್ಲದ ಕರಪತ್ರವೊಂದು ಮತದಾರರಾದ ಸದಸ್ಯರ ನಡುವೆ ಹಂಚಲ್ಪಟ್ಟಿತ್ತು. ಆ ವಿಷಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಪದವಿಯಲ್ಲಿದ್ದ ರಾಷ್ಟ್ರಪತಿಯೇ ಸಾಕ್ಷಿಯಾಗಿ ನ್ಯಾಯಾಲಯಕ್ಕೆ ಬಂದು ಹೇಳಿಕೆ ಕೊಟ್ಟರು. ೧೯೭೦ರಲ್ಲಿ ತಕರಾರು ಅರ್ಜಿ ವಜಾ ಆಯಿತು. ೧೯೬೯ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಗಿ ಕಾಂಗ್ರೆಸ್ಸು ಎರಡಾಗಿತ್ತು. ದೇಶದ ಪ್ರಥಮ ಪಂಕ್ತಿಯ ಮತದಾರರಲ್ಲಿಯೇ ಹೆಸರಿಲ್ಲದ ಕರಪತ್ರ ಸಂಚರಿಸಿತೆಂದ ಮೇಲೆ ಹಳ್ಳಿಯ ಕಟ್ಟೆಯ ಮೇಲಿನ ಬಿರುನುಡಿಯನ್ನು ಅಜ್ಞಾನದ ಫಲವೆನ್ನುವುದು ನ್ಯಾಯವಲ್ಲ.

ಆ ಒಡಕು ಮೈಸೂರು ರಾಜ್ಯದ ಊರೂರಿಗೂ ಇಳಿಯಿತು. ಆಗ ಮುಖ್ಯಮಂತ್ರಿಗಳಾಗಿದ್ದ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಕಡೆಯಲ್ಲಿ ನಿಂತರು. ೧೯೭೧ರ ಲೋಕಸಭಾ ಚುನಾವಣೆಯಲ್ಲಿ ಕೊಪ್ಪಳವೂ ಸೇರಿ ರಾಜ್ಯದ ೨೭ ಸ್ಥಾನಗಳೂ ಇಂದಿರಾ ಗಾಂಧಿಯವರ ಕಡೆಗೆ ಹೋದವು. ಮುಂದೆ ನಡೆದುದನ್ನು ಮತದಾರನು ಮರೆಯಬಾರದು. ೧೯೭೭ರಲ್ಲಿ ಸಂಜೀವರೆಡ್ಡಿಯವರು ಅವಿರೋಧವಾಗಿ ರಾಷ್ಟ್ರಪತಿಯಾದರು. ೧೯೭೮ರಲ್ಲಿ ಚಿಕ್ಕಮಗಳೂರಿನಲ್ಲಿ ವೀರೇಂದ್ರ ಪಾಟೀಲರು ಇಂದಿರಾ ಗಾಂಧಿಯವರಿಗೆ ಎದುರಾಗಿ ನಿಂತು ಸೋತರು. ೧೯೮೦ರಲ್ಲಿ ಅವರೇ ಇಂದಿರಾ ಗಾಂಧಿಯವರ ಮಂತ್ರಿಮಂಡಲದಲ್ಲಿದ್ದರು. ೧೯೮೯ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿಗಳಾದರು.

ಇಂಥದೇ ನಿದರ್ಶನವು ಕೊಪ್ಪಳದಲ್ಲಿಯೂ ಉಂಟು. ೧೯೮೯ರ ಲೋಕಸಭಾ ಚುನಾವಣೆಯಲ್ಲಿ ಕರ್ಣಾಟಕದ ೨೮ ಸ್ಥಾನಗಳಲ್ಲಿ ಜನತಾದಳಕ್ಕೆ ದೊರೆತುದು ಒಂದೇ, ಅದು ಕೊಪ್ಪಳ, ಗೆದ್ದವರು ಬಸವರಾಜ ಪಾಟೀಲ ಅನ್ವರಿಯವರು. ೧೯೯೧ರಲ್ಲಿ ಜನತಾದಳದ ಸಿದ್ದರಾಮಯ್ಯನವರು ಕೊಪ್ಪಳದಿಂದ ನಿಂತಾಗ ಅವರನ್ನು ಸೋಲಿಸಿದವರು ಅದೇ ಅನ್ವರಿಯವರು, ಈ ಬಾರಿ ಕಾಂಗ್ರೆಸ್ಸಿನ ಉಮೇದುವಾರರಾಗಿ. ಪಕ್ಷಾಂತರವು ತಪ್ಪೋ ಸರಿಯೋ ಎಂಬ ವಿಚಾರ ಬೇರೆ. ಇಲ್ಲಿ ತಿಳಿಯಬೇಕಾದುದಿಷ್ಟೆ: ನಾಯಕರಿಗೆ ಹಿಂದಿನ ವಿರೋಧವನ್ನು ದಾಟಿಹೋಗಲು ಸೇತುವೆಗಳಿವೆ. ಅವರ ಹೆಸರಿನಲ್ಲಿ ಜಗಳವಾಡಿ ಬಾವಿಕಟ್ಟೆಯಲ್ಲಿ ಮಾತುಬಿಟ್ಟ ಎರಡು ಮನೆಗಳಿಗೆ ಅಂಥ ಸೇತುವೆಯನ್ನು ಯಾರೂ ಕಟ್ಟಿಕೊಡುವುದಿಲ್ಲ. ದ್ವೇಷದ ಬಡ್ಡಿಯನ್ನು ತೆರುವವನು ಸಾಲ ಮಾಡಿದವನಲ್ಲ, ಜಾಮೀನು ನಿಂತವನು.

೫

ಹಾಗೆಂದು ವಿರೋಧವೇ ಬೇಡವೆನ್ನುವುದು ಸೌಜನ್ಯವಾಗದು. ಗ್ರಾಮ ಪಂಚಾಯತಿಯ ಚುನಾವಣೆಯು ಕರ್ಣಾಟಕದಲ್ಲಿ ಪಕ್ಷದ ಚಿಹ್ನೆಗಳಿಲ್ಲದೆ ನಡೆಯುತ್ತದೆ. ಆದರೂ ಎದುರಾಳಿಗಳು ನೆರೆಯವರೂ ನಂಟರೂ ಆಗಿರುವುದರಿಂದ ಅಲ್ಲಿ ಮನಸ್ತಾಪವು ಹೆಚ್ಚು ಆಳಕ್ಕೆ ಇಳಿಯುತ್ತದೆ. ಇದನ್ನು ತಪ್ಪಿಸುವ ನೆವದಿಂದ ಕೆಲವೆಡೆ ಹಿರಿಯರೇ ಕೂಡಿ ಸದಸ್ಯರನ್ನು ಅವಿರೋಧವಾಗಿ ಗೊತ್ತುಮಾಡುತ್ತಾರೆ. ೨೦೨೦ರ ಚುನಾವಣೆಯ ಕಾಲದಲ್ಲಿ ರಾಜ್ಯದ ಹಲವೆಡೆಗಳಿಂದ ಸ್ಥಾನಗಳನ್ನು ಹರಾಜು ಹಾಕಿದ ವಾರ್ತೆಗಳೂ ಬಂದವು. ಹರಾಜಿನ ಹಣದಿಂದ ಗುಡಿ ಕಟ್ಟಿದರೂ ಅಲ್ಲಿ ಉಳಿಯುವುದು ಶಾಂತಿಯಲ್ಲ, ಮೌನ. ಕೂಗಲು ಹಣವಿಲ್ಲದವನ ಕ್ರೋಧಕ್ಕೆ ೧೯೫೨ರಲ್ಲಿ ದೊರೆತ ಪಾತ್ರೆಯನ್ನು ಅವನ ಕೈಯಿಂದ ಮತ್ತೆ ಕಿತ್ತುಕೊಂಡಂತಾಗುತ್ತದೆ.

ಆದುದರಿಂದ ಸೌಜನ್ಯದ ಲಕ್ಷಣವನ್ನು ಹೀಗೆ ನಿರೂಪಿಸಬಹುದು. ವಿರೋಧವಿರಬೇಕು, ಅದು ಕಾರ್ಯವನ್ನು ಕುರಿತಿರಬೇಕು. ಕ್ರೋಧವಿರಬಹುದು, ಅದು ಮತಗಟ್ಟೆಯೊಳಗೆ ಹೋಗಿ ತನ್ನ ಕೆಲಸವನ್ನು ಮುಗಿಸಬೇಕು. ಎಣಿಕೆಯಾದ ಮೇಲೆ ಗೆದ್ದವನು ಸೋತವನ ಓಣಿಗೂ ನೀರು ತರಬೇಕು, ಸೋತವನು ಗೆದ್ದವನ ಆಳಿಕೆಯನ್ನು ಅವಧಿಯವರೆಗೆ ಒಪ್ಪಿ ಅವನ ತಪ್ಪುಗಳನ್ನು ಲೆಕ್ಕವಿಡಬೇಕು. ಇವುಗಳಲ್ಲಿ ಕೆಲವನ್ನು ಕಾಯಿದೆಯು ನೋಡಿಕೊಳ್ಳುತ್ತದೆ. ಮಿಕ್ಕುದೆಲ್ಲವೂ ವಾಗ್ಗುಪ್ತಿಗೆ ಸೇರಿದುದು. ಗವಿಮಠದ ಜಾತ್ರೆಯಲ್ಲಿ ತೇರಿನ ಮಿಣಿಗೆ ಕೈಹಚ್ಚುವಾಗ ಪಕ್ಕದವನ ಮತ ಯಾವ ಕಡೆಗೆ ಬಿದ್ದಿತ್ತೆಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಕೇಳಲ್ಪಡದಿರುವವರೆಗೆ ಊರಿನಲ್ಲಿ ಎಷ್ಟು ಪಕ್ಷಗಳಿದ್ದರೂ ಊರು ಒಂದೇ.