ಆಯಿಗೊಂದು ಬೆಚ್ಚನೆಯ ಗಾಡಿ

ನಮ್ಮ ಬೀಳಗಿಯ ಡಿಸೆಂಬರ್ ಚಳಿಗೇ ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂಡುವವನು ನಾನು. ಅಂಥವನು ಮನೆಯಾಕೆಯನ್ನು ಕರೆದುಕೊಂಡು, ಒಂದು ಜನವರಿಯಲ್ಲಿ ಅಮೆರಿಕದಲ್ಲಿರುವ ಮಗನ ಮನೆಗೆ ಹೋದೆ. ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರದ ಪೀಚ್‌ಟ್ರೀ ಸಿಟಿ ಅವನ ಊರು.

ಮಕ್ಕಳೇ, ಈ ಊರಿನದೊಂದು ವಿಶೇಷವಿದೆ. ಗಾಲ್ಫ್ ಆಟದ ಮೈದಾನ ಬಹಳ ದೊಡ್ಡದು. ಆಟಗಾರರು ಅದರ ತುಂಬ ಓಡಾಡಲು ಪುಟ್ಟ ಬ್ಯಾಟರಿ ಗಾಡಿಗಳಿರುತ್ತವೆ. ಮೈಸೂರಿನ ಮೃಗಾಲಯದಲ್ಲಿ ಅಂಥ ಗಾಡಿಯನ್ನು ನೀವು ನೋಡಿರಬಹುದು. ಪೀಚ್‌ಟ್ರೀ ಸಿಟಿಯಲ್ಲಿ ಈ ಗಾಡಿಗಳು ಮೈದಾನ ಬಿಟ್ಟು ಊರೊಳಗೇ ಬಂದಿವೆ. ಅವುಗಳಿಗಾಗಿ, ನಡೆಯುವವರಿಗಾಗಿ, ಸೈಕಲ್ಲಿನವರಿಗಾಗಿ ಗಿಡಮರಗಳ ನಡುವೆ ಸುಮಾರು 160 ಕಿ.ಮೀ. ಉದ್ದದ ಪ್ರತ್ಯೇಕ ಹಾದಿಗಳಿವೆ. ಜನ ಕಿರಾಣಿ ಅಂಗಡಿಗೂ ಇದರಲ್ಲೇ ಹೋಗುತ್ತಾರೆ. ಹೈಸ್ಕೂಲಿನ ಹುಡುಗರು ಇದರಲ್ಲೇ ಬಂದು ಶಾಲೆಯ ಮುಂದೆ ಸಾಲಾಗಿ ನಿಲ್ಲಿಸುತ್ತಾರೆ.

ಮಗನ ಮನೆಯಲ್ಲೂ ನಾಲ್ಕು ಜನ ಕೂಡುವ ಒಂದು ಹಳೆಯ ಗಾಡಿಯಿತ್ತು. ಕಾರು ಒಂದೇ. ಅದನ್ನು ಸೊಸೆ ನಸುಕಿನಲ್ಲೇ ಕೆಲಸಕ್ಕೆ ಒಯ್ಯುತ್ತಿದ್ದಳು. ಒಂಬತ್ತು ವರ್ಷದ ಮೊಮ್ಮಗಳನ್ನು ಮಗ ಈ ಗಾಡಿಯಲ್ಲಿ ಶಾಲೆಗೆ ಬಿಡುತ್ತಿದ್ದ.

ಒಂದು ದಿನ ಅವಳ ತರಗತಿಯ ಮಕ್ಕಳೆಲ್ಲ ಅಜ್ಜ-ಅಜ್ಜಿಯರನ್ನು ಕರೆತರಬೇಕೆಂದು ಚೀಟಿ ಬಂತು. ಆಯಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುವುದನ್ನು ಎಲ್ಲರಿಗೂ ಹೇಳಬೇಕು ಎಂಬುದು ಮೊಮ್ಮಗಳ ಆಸೆ. ಆದರೆ ಮನೆಯಾಕೆಗೆ ಮೊಣಕಾಲು ನೋವು. ಮೂರು ವಾರದಿಂದ ಹೊಸಲು ದಾಟಿರಲಿಲ್ಲ.

“ಇಷ್ಟು ಥಂಡ್ಯಾಗ ನನ್ನ ಮೊಣಕಾಲು ಏಳಂಗಿಲ್ಲವ್ವಾ. ಅಜ್ಜನ್ನ ಕರಕೊಂಡು ಹೋಗು,” ಎಂದಳು.

“ಆಯಿ ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ,” ಎಂದು ಮೊಮ್ಮಗಳು ಮುಖ ಊದಿಸಿ ಕುಳಿತಳು.

ಉಳಿದದ್ದು ಎಂಟು ದಿನ. ಗಾಡಿಯನ್ನೇ ಬೆಚ್ಚಗೆ ಮಾಡೋಣ ಎಂದು ಅಪ್ಪ-ಮಗ ನಿಶ್ಚಯಿಸಿದೆವು.

ಮೊದಲ ಕೆಲಸ ಗಾಳಿ ತಡೆಯುವುದು. ಗಾಡಿಗೆ ಮೇಲೆ ಮಾಡು ಇತ್ತು, ಬದಿಗಳು ಬಯಲು. ಅಲ್ಲಿ ಜನವರಿಯ ಬೆಳಗಿನ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸು ಇರುತ್ತದೆ. ಗಾಡಿ ಗಂಟೆಗೆ 24 ಕಿ.ಮೀ. ವೇಗದಲ್ಲಿ ಹೋದರೆ ಎದುರುಗಾಳಿಯಿಂದ ಆ ಸೊನ್ನೆಯೇ ಮೈಗೆ ಮೈನಸ್ 6ರಂತೆ ತಾಗುತ್ತದೆ. ಸುತ್ತಲೂ ಜಿಪ್ ಇರುವ ಪಾರದರ್ಶಕ ಪ್ಲಾಸ್ಟಿಕ್ ಪರದೆ ತಂದು ಕಟ್ಟಿದೆವು. ಅರ್ಧ ಚಳಿ ಅಲ್ಲಿಗೇ ನಿಂತಿತು.

ಎರಡನೆಯದು ಆಸನ. ಗಾಡಿಯ ಬ್ಯಾಟರಿ 48 ವೋಲ್ಟ್. ಅದನ್ನು 12 ವೋಲ್ಟಿಗೆ ಇಳಿಸುವ ಒಂದು ಪೆಟ್ಟಿಗೆ ಕೂಡಿಸಿ, ಆಯಿ ಕೂಡುವ ಜಾಗದಲ್ಲಿ ವಿದ್ಯುತ್ತಿನಿಂದ ಬೆಚ್ಚಗಾಗುವ ದಿಂಬು ಹಾಕಿದೆವು. ಕಾಲಿನ ಕೆಳಗೆ ದಪ್ಪ ರಬ್ಬರ್ ಹಾಸು, ಮೊಣಕಾಲಿನ ಮೇಲೆ ಬೀಳಗಿಯಿಂದ ಒಯ್ದಿದ್ದ ಕೌದಿ.

ಮೂರನೆಯದು ಬ್ಯಾಟರಿ. ಆ ಗಾಡಿಯಲ್ಲಿ 8 ವೋಲ್ಟಿನ ಆರು ಸೀಸದ ಬ್ಯಾಟರಿಗಳಿದ್ದವು. ಚಳಿಯಲ್ಲಿ ಬ್ಯಾಟರಿಯೂ ನಮ್ಮಂಥ ಮುದುಕರ ಹಾಗೆಯೇ. ಸೊನ್ನೆ ಡಿಗ್ರಿಗೆ ಇಳಿದರೆ ಅದರ ಸಾಮರ್ಥ್ಯ ಸುಮಾರು ಐದರಲ್ಲಿ ಒಂದು ಪಾಲು ಕುಗ್ಗುತ್ತದೆ. ಬಿಸಿಲೇರಿ ಬೆಚ್ಚಗಾದರೆ ಮತ್ತೆ ಬರುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯೊಳಗಿನ ದ್ರವ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟದು. ಖಾಲಿಯಾದದ್ದು ಮೈನಸ್ 7-8ಕ್ಕೇ ಗಟ್ಟಿಯಾಗಿ ಡಬ್ಬಿಯನ್ನು ಸೀಳಬಹುದು. ನಾನು ಬ್ಯಾಂಕಿನ ಗುಮಾಸ್ತನಲ್ಲವೇ? “ಚಳಿಗಾಲದಾಗ ಮಿನಿಮಮ್ ಬ್ಯಾಲೆನ್ಸ್ ಇಳೀಬಾರದು,” ಎಂದು ಮೊಮ್ಮಗಳಿಗೆ ಹೇಳಿದೆ. ರಾತ್ರಿ ಚಾರ್ಜಿಗೆ ಹಚ್ಚುವ ಕೆಲಸ ಅವಳೇ ವಹಿಸಿಕೊಂಡಳು. ಚಳಿಗೆ ಟೈರಿನ ಗಾಳಿಯೂ ಕುಗ್ಗುತ್ತದೆ, ಅದನ್ನೂ ತುಂಬಿಸಿದೆವು.

ಇಷ್ಟಾದರೂ ನನಗೆ ಸಮಾಧಾನವಿಲ್ಲ. ಅಂಗಡಿಯಲ್ಲಿ ಗಾಡಿಯೊಳಗೆ ಇಡುವ ಪುಟ್ಟ ಗ್ಯಾಸ್ ಹೀಟರ್ ಕಂಡೆ. “ಇದನ್ನಿಟ್ಟು ಎಲ್ಲಾ ಜಿಪ್ ಎಳೆದುಬಿಟ್ರ ಒಳಗ ಕುಲುಮಿ ಆದಂಗ ಆಗತೈತಿ,” ಎಂದೆ. ಮಗ ಬೇಡವೆಂದ. ನಾನು ಹಟ ಹಿಡಿದೆ. ಎರಡು ದಿನ ಮನೆಯಲ್ಲಿ ಇದೇ ವಾದ.

ನನ್ನ ಹಟ ಬಿಡಿಸಿದವಳು ಮನೆಯಾಕೆ. “ನಿಮ್ಮ ತಮ್ಮನ ಕತಿ ಮರತ್ರೇನು?” ಎಂದು ಒಂದೇ ಮಾತು ಕೇಳಿದಳು.

ಮರೆಯುವುದೆಲ್ಲಿ? 1960ರ ಸುಮಾರಿನ ಎಳ್ಳು ಅಮಾವಾಸ್ಯೆ. ಚರಗ ಚೆಲ್ಲಲು ಮನೆಮಂದಿಯೆಲ್ಲ ನಸುಕಿನಲ್ಲೇ ಸವಾರಿ ಚಕ್ಕಡಿಯಲ್ಲಿ ಹೊಲಕ್ಕೆ ಹೊರಟಿದ್ದೆವು. ಬಿದಿರಿನ ಕಮಾನು, ಅದರ ಮೇಲೆ ತಟ್ಟಿ, ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಕೌದಿ. ಹಿಂದೆ ಮುಂದೆ ಕಂಬಳಿ ಇಳಿಬಿಟ್ಟು, ಒಳಗೆ ಇದ್ದಿಲ ಶೇಗಡಿ ಇಟ್ಟಿದ್ದೆವು. ಹೊಗೆಯಿರಲಿಲ್ಲ, ವಾಸನೆಯೂ ಇರಲಿಲ್ಲ. ಹಾಯಾಗಿತ್ತು. ಸ್ವಲ್ಪ ಹೊತ್ತಿಗೆ ನನ್ನ ತಲೆ ಸಿಡಿಯತೊಡಗಿತು. ತಮ್ಮ ವಾಂತಿ ಮಾಡಿಕೊಂಡು ಕತ್ತು ಚೆಲ್ಲಿದ. ಅಜ್ಜ ಕಂಬಳಿ ಕಿತ್ತೆಸೆದು, ಅವನನ್ನು ಎತ್ತಿಕೊಂಡು ಹೊರಗಿನ ಗಾಳಿಗೆ ಹಾರಿದ. ಬಹಳ ಹೊತ್ತಿನ ಮೇಲೆ ತಮ್ಮ ಕಣ್ಣು ಬಿಟ್ಟ. ಯಾರದೋ ದೃಷ್ಟಿ ತಾಗಿತೆಂದು ನಿವಾಳಿಸಿ ಚೆಲ್ಲಿದರು.

ಅದು ದೃಷ್ಟಿಯಲ್ಲ, ಕಾರ್ಬನ್ ಮೊನಾಕ್ಸೈಡ್ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಇದ್ದಿಲಾಗಲಿ, ಗ್ಯಾಸಾಗಲಿ, ಸಾಕಷ್ಟು ಗಾಳಿಯಿಲ್ಲದ ಕಡೆ ಉರಿದರೆ ಈ ವಿಷಾನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೂಡುತ್ತದೆ. ಮಲಗಿದವರು ಮಲಗಿದಲ್ಲೇ ಹೋಗುವುದುಂಟು.

ಅಷ್ಟು ಗೊತ್ತಿದ್ದೂ ಅದೇ ತಪ್ಪನ್ನು ಪ್ಲಾಸ್ಟಿಕ್ ಪರದೆಯೊಳಗೆ, ಮೊಮ್ಮಗಳನ್ನು ಕೂಡಿಸಿಕೊಂಡು ಮಾಡಲು ಹೊರಟಿದ್ದೆನಲ್ಲ! ಮಗನ ಮುಂದೆ “ನಂದು ತಪ್ಪಾತಪ್ಪಾ,” ಎಂದೆ. ಗ್ಯಾಸಿನ ಬದಲು ಎರಡು ಬಿಸಿನೀರಿನ ಚೀಲ ತಂದೆವು. ಪರದೆಯ ಜಿಪ್ ಮೇಲ್ಗಡೆ ಒಂದು ಗೇಣು ತೆರೆದೇ ಇಟ್ಟೆವು. ಗಾಜಿಗೆ ಮಂಜು ಕವಿಯುವುದೂ ಅದರಿಂದ ಕಡಿಮೆಯಾಯಿತು.

ಆ ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಹಿಮದ ಬಿಳಿ ಪುಡಿ ಬಿದ್ದಿತ್ತು. ಆಯಿ ಇಳಕಲ್ ಸೀರೆ ಉಟ್ಟು, ಮೇಲೆ ಸೊಸೆಯ ಕೋಟು ತೊಟ್ಟು, ಕೌದಿ ಹೊದ್ದು ಕುಳಿತಳು. ಗಾಡಿ ಸದ್ದಿಲ್ಲದೆ ಗಿಡಗಳ ನಡುವೆ ಸಾಗಿತು.

“ಆಯಿ, ಥಂಡಿ ಆಗತೈತೇನು?” ಎಂದು ಮೊಮ್ಮಗಳು ಕೇಳಿದಳು.

“ಇಲ್ಲವ್ವಾ. ಚಕ್ಕಡ್ಯಾಗ ಕುಂತಂಗ ಆಗೇತಿ. ಎತ್ತಿನ ಗೆಜ್ಜಿ ಸಪ್ಪಳ ಒಂದಿಲ್ಲ ನೋಡು.”

ತರಗತಿಯಲ್ಲಿ ಆಯಿ ಕನ್ನಡದಲ್ಲೇ ರೊಟ್ಟಿಯ ಕತೆ ಹೇಳಿದಳು. ಮೊಮ್ಮಗಳು ಇಂಗ್ಲಿಷಿಗೆ ಮಾಡಿದಳು. ಮಕ್ಕಳು ಚಪ್ಪಾಳೆ ತಟ್ಟಿ ರೊಟ್ಟಿ ಬಡಿಯುವುದನ್ನು ಕಲಿತವು.

ನನ್ನ ಓರಗೆಯ ಹಿರಿಯರಿಗೆ ಒಂದು ಮಾತು. ನಮ್ಮಲ್ಲಿ ಗಾಲ್ಫ್ ಗಾಡಿ ಇಲ್ಲದಿರಬಹುದು. ಚಳಿಗೆ ಕೋಣೆಯೊಳಗೆ ಕೆಂಡದ ಶೇಗಡಿ ಇಡುವವರಿದ್ದಾರೆ, ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಕಿಟಕಿ ಮುಚ್ಚುವವರಿದ್ದಾರೆ. ಉರಿಯುವುದನ್ನು ಮುಚ್ಚಿದ ಕೋಣೆಯಲ್ಲಿ ಇಡಲೇಬೇಡಿ. ಗೀಸರನ್ನು ಬಚ್ಚಲಿನ ಹೊರಗೆ ಕೂಡಿಸಿ, ಕಿಟಕಿ ತೆರೆದಿಡಿ. ಮಕ್ಕಳೇ, ಅಜ್ಜ ಹಟ ಹಿಡಿದರೆ ಈ ಕತೆ ಓದಿ ಹೇಳಿ.