ಹೇಳಿದವರು ಯಾರು?

ಚಳ್ಳಕೆರೆಯ ಶೇಂಗಾ ವ್ಯಾಪಾರಿಗೆ ಪೇಟೆಯ ಧಾರಣೆಯನ್ನು ತಿಳಿಸುವುದೂ, ಮೊಳಕಾಲ್ಮೂರಿನ ನೇಕಾರನ ರೇಷ್ಮೆಸೀರೆಯ ಅಂಚನ್ನು ದೂರದ ಗಿರಾಕಿಗೆ ತೋರಿಸುವುದೂ ಇಂದು ಕೈಯೊಳಗಿನ ಮೊಬೈಲೇ ಆಗಿದೆ. ಇದರ ಉಪಕಾರವನ್ನು ಅಲ್ಲಗಳೆಯುವುದು ಅವಿವೇಕವಾದೀತು. ಆದರೆ ಧಾರಣೆ ಬರುವ ದಾರಿಯಲ್ಲಿಯೇ ಗಾಳಿಸುದ್ದಿಯೂ ಬರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ‘ಕಿಂವದಂತಿ’ ಎಂದು ಹೆಸರು, ‘ಏನು ಹೇಳುತ್ತಾರೆ?’ ಎಂದು ಆ ಪದದ ಅರ್ಥ. ಹೇಳುವವರು ಯಾರೆಂಬುದು ಮಾತ್ರ ಅದರಲ್ಲಿಲ್ಲ.

2018ನೆಯ ಇಸವಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ವರ್ತಮಾನವು ವಾಟ್ಸಾಪಿನಲ್ಲಿ ದೇಶದ ಅನೇಕ ಭಾಗಗಳನ್ನು ಸುತ್ತಿತು. ಆ ವರ್ಷದ ಜುಲೈ 13ರಂದು ಬೀದರ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಮಿತ್ರರ ತಂಡದಲ್ಲಿ ಒಬ್ಬರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಸಂಶಯವು ಅವರ ಕಾರಿಗಿಂತ ಮುಂಚಿತವಾಗಿ, ಮೊಬೈಲಿನ ಮೂಲಕ, ಮುರ್ಕಿ ಗ್ರಾಮವನ್ನು ತಲಪಿತು. ಅಲ್ಲಿ ಜನರು ದಾರಿ ಕಟ್ಟಿ ಹೊಡೆದರು. ತರುಣ ಎಂಜಿನಿಯರೊಬ್ಬರು ಪ್ರಾಣ ಬಿಟ್ಟರು. ಸಂದೇಶವನ್ನು ಮುಂದಕ್ಕೆ ಕಳುಹಿದವರು ಮಕ್ಕಳ ಹಿತವನ್ನೇ ಬಯಸಿದ್ದಿರಬಹುದು. ಸದುದ್ದೇಶವೊಂದೇ ಸಾಲದೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು, ಭಾರತದಲ್ಲಿ ಬಂದ ಸಂದೇಶವೊಂದನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸಲಾಗದಂತೆ ಕಟ್ಟುಮಾಡುವುದಾಗಿ ಪ್ರಕಟಿಸಿತು. 2020ರ ಏಪ್ರಿಲಿನಲ್ಲಿ, ಹಲವು ಕೈ ದಾಟಿ ಎರಡು ಬಾಣಗಳ ಗುರುತಿನೊಡನೆ ಬರುವ ಸಂದೇಶಕ್ಕೆ ಈ ಮಿತಿಯನ್ನು ಒಂದೇ ಕಡೆಗೆ ಇಳಿಸಿತು. ಯಂತ್ರವು ವೇಗವನ್ನು ತಗ್ಗಿಸೀತು, ವಿವೇಕವನ್ನು ಕಲಿಸಲಾರದು.

ಆ ಪಾಠವು ನಮ್ಮ ಸೀಮೆಯ ಕಲ್ಲಿನ ಮೇಲೆಯೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನವೂ ಕೈಯಿಂದ ಕೈಗೆ ರವಾನೆಯಾದ ಸಂದೇಶವೇ. ಆಜ್ಞೆಯು ದೇವಾನಾಂಪ್ರಿಯನದು, ಅದು ಸುವರ್ಣಗಿರಿಯ ಆರ್ಯಪುತ್ರನ ಮತ್ತು ಮಹಾಮಾತ್ರರ ಮೂಲಕ ಇಸಿಲದ ಮಹಾಮಾತ್ರರಿಗೆ ಬಂದಿತು, ಬರೆದವನು ಚಪಡನೆಂಬ ಲಿಪಿಕಾರ. ಇಷ್ಟನ್ನೂ ಆ ಕಲ್ಲೇ ಹೇಳುತ್ತದೆ. ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಇವುಗಳೊಡನೆ ಸತ್ಯವನ್ನು ನುಡಿಯಬೇಕೆಂಬುದೂ ಅದರ ಉಪದೇಶ.

ಗೃಹಸ್ಥರು ತಮ್ಮ ಮನೆಯಲ್ಲಿ ಇದನ್ನೇ ನಿಯಮವಾಗಿಟ್ಟುಕೊಳ್ಳಬಹುದು. ಸಂದೇಶ ಬಂದೊಡನೆ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಇದನ್ನು ಹೇಳಿದವರು ಯಾರು? ಇದು ಎಂದು, ಎಲ್ಲಿ ನಡೆಯಿತು? ಇದರ ಕೆಳಗೆ ನನ್ನ ಹೆಸರನ್ನು ಬರೆಯಬಲ್ಲೆನೆ? ಉತ್ತರ ದೊರೆಯದಿದ್ದರೆ ಸಂದೇಶವು ನಮ್ಮಲ್ಲಿಯೇ ನಿಲ್ಲಲಿ. ನಿಜವಾದ ಅಪಾಯದ ಶಂಕೆಯಿದ್ದರೆ 112ಕ್ಕೆ ಫೋನು ಮಾಡಿ ಪೊಲೀಸರಿಗೆ ತಿಳಿಸುವುದೇ ಯೋಗ್ಯವಾದ ದಾರಿ. ಈ ಪಾಠವನ್ನು ಮಕ್ಕಳಿಗೆ ಹೇಳುವ ಮುನ್ನ ಹಿರಿಯರಾದ ನಾವೇ ಆಚರಿಸಿ ತೋರಿಸಬೇಕು.