ಬೋನ್ಸಾಯ್ ಚಟ್ಟಿಯೂ ನಮ್ಮೂರ ಆವೆ ಮಣ್ಣೂ

ಎರಡು ವರ್ಷದ ಹಿಂದಿನ ಮಹಾಸಭೆಯಲ್ಲಿ ಕೆಲವು ಸದಸ್ಯರು, ಮುಖ್ಯವಾಗಿ ಅವರ ಮನೆಯ ಹೆಂಗಸರು, ಒಂದು ಪ್ರಶ್ನೆ ಎತ್ತಿದ್ದರು. ಬೋನ್ಸಾಯ್ ಗಿಡಗಳ ಚಟ್ಟಿಗಳನ್ನು ಕೈಯಲ್ಲೇ ಮಾಡಿ ಸುಡಲು ವಿದ್ಯುತ್ ಕುಲುಮೆ ಕೊಳ್ಳುವುದಾದರೆ ಸಂಘದಿಂದ ಸಾಲ ದೊರೆತೀತೇ ಎಂಬುದು ಆ ಪ್ರಶ್ನೆ. ಸಭೆಯಲ್ಲಿ ಒಂದಿಬ್ಬರು ನಕ್ಕರು. ಆದರೆ ನಗುವ ವಿಷಯ ಇದಲ್ಲ. ಮಾಡಿನ ಹೆಂಚಿನ ಸಂದಿಯಲ್ಲಿ, ಹಳೆಯ ಪಾಗಾರದಲ್ಲಿ ಹುಟ್ಟಿದ ಗೋಳಿ, ಅತ್ತಿ, ಅರಳಿ ಸಸಿಗಳನ್ನು ನಾವು ಪ್ರತಿ ವರ್ಷ ಕಿತ್ತೆಸೆಯುತ್ತೇವೆ. ಅದೇ ಸಸಿಯನ್ನು ಹತ್ತು ವರ್ಷ ಸವರಿ, ತಗ್ಗಾದ ಚಟ್ಟಿಯಲ್ಲಿ ಕೂರಿಸಿದರೆ ಮಣಿಪಾಲ, ಮಂಗಳೂರಿನವರು ಹಣ ಕೊಟ್ಟು ಒಯ್ಯುತ್ತಾರೆ. ಗಿಡ ನಮ್ಮಲ್ಲಿ ಉಂಟು, ಮಣ್ಣೂ ಉಂಟು. ಸುಡುವ ವಿದ್ಯೆಯೊಂದು ಬೇಕು. ಮಂಡಳಿಯವರು ವಿಚಾರಿಸಿ ತಿಳಿಸುವಂತೆ ನನಗೆ ಹೇಳಿದ್ದರಿಂದ, ಎರಡು ಬೇಸಿಗೆಯಲ್ಲಿ ನೋಡಿದ್ದು, ಮಾಡಿದ್ದು ಇಲ್ಲಿದೆ.

ಬೋನ್ಸಾಯ್ ಪುಸ್ತಕಗಳನ್ನು ತೆರೆದರೆ ಮೊದಲು ಕಾಣುವ ಮಾತು, ಚಟ್ಟಿಯನ್ನು 1,200 ಡಿಗ್ರಿಯ ಸುಮಾರಿಗೆ ಸುಟ್ಟು ಕಲ್ಲಿನಂತೆ ಗಟ್ಟಿ ಮಾಡಬೇಕು, ನೀರು ಹೀರಬಾರದು ಎಂದು. ಇದನ್ನು ಓದಿಯೇ ನಮ್ಮವರು ವಿದ್ಯುತ್ ಕುಲುಮೆಯ ಯೋಚನೆ ಮಾಡಿದ್ದು. ಆದರೆ ಆ ನಿಯಮ ಹುಟ್ಟಿದ್ದು ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ದೇಶಗಳಲ್ಲಿ. ಚಟ್ಟಿಯ ಗೋಡೆ ಹೀರಿಕೊಂಡ ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ, ಚಟ್ಟಿ ಸಿಡಿಯುತ್ತದೆ. ಕುಕ್ಕುಂದೂರಿನಲ್ಲಿ ಯಾವ ಪುಷ್ಯಮಾಸದಲ್ಲಿಯೂ ನೀರು ಹೆಪ್ಪುಗಟ್ಟಿದ್ದಿಲ್ಲ. ಆದುದರಿಂದ ತುಸು ನೀರು ಹೀರುವ ಚಟ್ಟಿ ನಮ್ಮಲ್ಲಿ ದೋಷವಲ್ಲ. ಮಾರ್ಚಿ, ಎಪ್ರಿಲಿನಲ್ಲಿ ಅದು ಬೇರನ್ನು ತಂಪಾಗಿಯೂ ಇಡುತ್ತದೆ. ಬೇಸಿಗೆಯಲ್ಲಿ ನೀರು ಹೆಚ್ಚು ಹಾಕಬೇಕು, ಮಳೆಗಾಲದಲ್ಲಿ ಹಾವಸೆ ಕಟ್ಟುತ್ತದೆ, ಅಷ್ಟೇ.

ಬೋನ್ಸಾಯ್ ಚಟ್ಟಿಗೆ ಜಪಾನಿನಲ್ಲಿ ಹೆಸರಾದ ಊರು ತೊಕೊನಾಮೆ. ಕಬ್ಬಿಣದ ಅಂಶವಿರುವ ಕೆಂಪು ಮಣ್ಣು ಅಲ್ಲಿಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಊರು ಚರಂಡಿಯ ಮಣ್ಣಿನ ಕೊಳವೆಗಳಿಗೂ ಹೆಸರಾಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ಕರಾವಳಿ ಹೆಂಚಿಗೆ ಹೆಸರಾಯಿತು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಬಳಿಕ ಮಲ್ಪೆಯಲ್ಲಿಯೂ ಆಯಿತು. ಕೊಳವೆಯಿಂದ ಚಟ್ಟಿಯವರೆಗೆ ಅವರು ಕೈಯಾಡಿಸಿದರು. ನಾವು ಹೆಂಚಿನಲ್ಲೇ ನಿಂತೆವು, ಈಗ ಆ ಕಾರ್ಖಾನೆಗಳಲ್ಲಿ ಹಲವು ಮುಚ್ಚಿಹೋಗಿವೆ. ಆದರೂ ನಮ್ಮ ಬೈಲುಗದ್ದೆಯ ಮಣ್ಣು 1,000 ಡಿಗ್ರಿಯ ಆಚೀಚೆ ಸುಟ್ಟರೆ ಎಷ್ಟು ಗಟ್ಟಿಯಾಗುತ್ತದೆ ಎಂಬುದಕ್ಕೆ ನೂರು ವರ್ಷ ಮಳೆ ತಿಂದ ಮಾಡುಗಳೇ ಸಾಕ್ಷಿ. ಅದೇ ಮಣ್ಣನ್ನು 1,200 ಡಿಗ್ರಿಗೆ ಏರಿಸಿದರೆ ಅದು ಉಬ್ಬಿ, ಕುಸಿದು, ಬೆಲ್ಲದಂತೆ ಇಳಿಯುವ ಸಂಭವವೇ ಹೆಚ್ಚು. ದುಬಾರಿ ಕುಲುಮೆ ತಂದರೆ ಅದಕ್ಕೊಪ್ಪುವ ಮಣ್ಣನ್ನೂ ಹೊರಗಿನಿಂದ ತರಬೇಕಾಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಮಣ್ಣಿನ ವಿಷಯ. ಕೊಯ್ಲಾದ ಗದ್ದೆಯಲ್ಲಿ ಮೇಲ್ಮಣ್ಣನ್ನು ಸರಿಸಿ ಬೇರೆ ರಾಶಿ ಹಾಕಿ, ಕೆಳಗಿನ ಅಂಟುಮಣ್ಣನ್ನು ತೆಗೆದು, ಮೇಲ್ಮಣ್ಣನ್ನು ಪುನಃ ಹರಡತಕ್ಕದ್ದು. ಇದರಲ್ಲಿ ಸೋಮಾರಿತನ ಮಾಡಿದರೆ ಗದ್ದೆಯೇ ಹಾಳು. ತೆಗೆದ ಮಣ್ಣನ್ನು ನೀರಿನಲ್ಲಿ ಕಲಸಿ ಜರಡಿ ಹಿಡಿದು, ಬಟ್ಟೆಯ ಮೇಲೆ ನೀರು ಬಸಿಯಬೇಕು. ಕಾಪು, ಮಲ್ಪೆಯ ಕಡೆಯಿಂದ ಮಣ್ಣು ತರುವವರು ಚಿಪ್ಪಿನ ಚೂರುಗಳನ್ನು ಗಮನಿಸಬೇಕು. ಬೆಂಕಿಯಲ್ಲಿ ಚಿಪ್ಪು ಸುಣ್ಣವಾಗುತ್ತದೆ. ಗೂಡಿನಿಂದ ಹೊರಬರುವಾಗ ಚಟ್ಟಿ ಅಂದವಾಗಿಯೇ ಇರುತ್ತದೆ. ಮಳೆ ಹಿಡಿದ ಮೇಲೆ ಆ ಸುಣ್ಣ ನೀರು ಕುಡಿದು ಅರಳಿ, ಚಟ್ಟಿಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ.

ಬರೀ ಆವೆ ಮಣ್ಣಿನಿಂದ ಅಗಲವಾದ ಚಟ್ಟಿ ಮಾಡಿದರೆ ಒಣಗುವಾಗಲೇ ಬಿರಿಯುತ್ತದೆ. ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಹೆಂಚಿನ ಪುಡಿ ಬೆರೆಸುವುದು ಇದಕ್ಕೆ ಪರಿಹಾರ. ತಾರಸಿ ಮನೆ ಕಟ್ಟಿದವರ ಹಿತ್ತಲಿನಲ್ಲಿ ಒಡೆದ ಹೆಂಚು ರಾಶಿ ಬಿದ್ದಿದೆ, ಕುಟ್ಟಿ ಸಾರಣಿಸಿದರೆ ಆಯಿತು. ಹೊಳೆಯ ಮರಳಿಗಿಂತ ಇದೇ ಲೇಸು. ಮರಳಿನಲ್ಲಿರುವ ಬೆಣಚು 573 ಡಿಗ್ರಿಯಲ್ಲಿ ಥಟ್ಟನೆ ಹಿಗ್ಗುವ ಸ್ವಭಾವದ್ದು, ಆರುವಾಗ ಅದೇ ಹಂತದಲ್ಲಿ ಕುಗ್ಗುತ್ತದೆ. ಹೆಂಚಿನ ಪುಡಿ ಒಮ್ಮೆ ಬೆಂಕಿ ಕಂಡದ್ದು, ಅದರಿಂದ ಅಂಥ ಉಪದ್ರ ಕಡಿಮೆ.

ಅನ್ನದ ಮಡಕೆಗೆ ಮೂಲೆಯಿಲ್ಲ, ಚಪ್ಪಟೆ ತಳವಿಲ್ಲ. ಅದು ಸುಮ್ಮನೆ ಬಂದ ಆಕಾರವಲ್ಲ, ಬೆಂಕಿಯೇ ಕಲಿಸಿದ್ದು. ಬೋನ್ಸಾಯ್ ಚಟ್ಟಿಗಾದರೋ ಚಪ್ಪಟೆ ತಳ, ಕೆಲವಕ್ಕೆ ನಾಲ್ಕು ಮೂಲೆ. ಹೊಸಬರು ದುಂಡಗಿನ ಅಥವಾ ಮೊಟ್ಟೆಯಾಕಾರದ ಚಟ್ಟಿಯಿಂದ ಆರಂಭಿಸುವುದು ಕ್ಷೇಮ. ತಿಗರಿ ಬೇಕೆಂದಿಲ್ಲ. ಮಣ್ಣನ್ನು ರೊಟ್ಟಿಯಂತೆ ಒಂದೇ ದಪ್ಪಕ್ಕೆ ತಟ್ಟಿ, ಒದ್ದೆ ಬಟ್ಟೆ ಹಾಸಿದ ಬೋಗುಣಿಯೊಳಗೆ ಕೂರಿಸಿದರೂ ಆಗುತ್ತದೆ. ಒಣಗಿ ಸುಡುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲು ಕುಗ್ಗುವುದರಿಂದ 30 ಸೆಂ.ಮೀ. ಚಟ್ಟಿ ಬೇಕಾದವರು 33 ಸೆಂ.ಮೀ. ಮಾಡಬೇಕು. ವರ್ಷಕ್ಕೆ 4,000 ಮಿ.ಮೀ. ಮೀರಿ ಮಳೆ ಹೊಯ್ಯುವ ನಮ್ಮ ಊರಿಗೆ ತಳದ ತೂತು ಹೆಬ್ಬೆರಳು ಹೋಗುವಷ್ಟು ದೊಡ್ಡದಿರಲಿ, ಕಾಲುಗಳು ಎತ್ತರವಿರಲಿ. ಒಣಗಿಸುವುದು ಚಾವಡಿಯ ನೆರಳಿನಲ್ಲಿ, ಎರಡು ವಾರ. ಅಂಗಳದ ಬಿಸಿಲು ಹೇಗೂ ಆಗ ಅಡಿಕೆಯ ಪಾಲು.

ಸುಡುವುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಸಮೀಪದ ಊರಿನ ಒಬ್ಬ ಹಿರಿಯ ಕುಲಾಲರಿಂದ. ಅವರ ಮನೆಯಲ್ಲಿ ಈಗ ಆವೆ ಹಾಕುವವರು ಅವರೊಬ್ಬರೇ. ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ನೆಲದ ಮೇಲೆ ಮಡಕೆ ಪೇರಿಸಿ ಬೈಹುಲ್ಲು, ಕಟ್ಟಿಗೆ ಹೊದಿಸಿ ಸುಡುವ ಅವರ ಕ್ರಮದಲ್ಲಿ ಕಾವು ಬೇಗ ಏರುತ್ತದೆ, 800 ಡಿಗ್ರಿಯ ಸುಮಾರಿಗೆ ನಿಲ್ಲುತ್ತದೆ. ತೆಳ್ಳಗಿನ ಮಡಕೆಗೆ ಅದು ಸರಿ, ನಮ್ಮ ಚಟ್ಟಿಗೆ ಸಾಲದು. ಆದುದರಿಂದ ಅವರ ಸಲಹೆ ಪಡೆದು ಇಟ್ಟಿಗೆಯ ಒಂದು ಗೂಡು ಕಟ್ಟಿದೆವು. ಒಳಗೆ ಮೂರಡಿ ಉದ್ದ, ಅಗಲ, ಎತ್ತರ. ಕೆಳಗೆ ಬೆಂಕಿಯ ಬಾಯಿ, ನಡುವೆ ತೂತುಗಳಿರುವ ಇಟ್ಟಿಗೆಯ ಹಾಸು, ಮೇಲೆ ಒಡೆದ ಹೆಂಚಿನ ಮುಚ್ಚಿಗೆ. ಸಿಮೆಂಟು ಹಾಕಿಲ್ಲ, ಮಣ್ಣಿನ ಗಾರೆಯೇ.

ಮೊದಲ ಐದು ಗಂಟೆ ಬೆಂಕಿಯಲ್ಲ, ಬರೀ ಹೊಗೆ. ತೆಂಗಿನ ಚಿಪ್ಪು, ಒಂದೆರಡು ಕೊರಡು, ಅಷ್ಟೇ. ನೋಡುವವರಿಗೆ ಬೇಸರ ಬರುತ್ತದೆ. "ಅವಸರ ಮಾಡ್ಬೇಡಿ ಮಾರಾಯ್ರೇ, ನೀರು ಹೋಗ್ಲಿ ಮೊದ್ಲು" ಎಂದು ಆ ಹಿರಿಯರು ಕೂತಲ್ಲಿಂದಲೇ ಗದರುತ್ತಿದ್ದರು. ಅವರು ಆಗಾಗ ಎದ್ದು ಮೇಲಿನ ಸಂದಿಗೆ ತಣ್ಣಗಿನ ಕತ್ತಿಯ ಅಲಗನ್ನು ಹಿಡಿಯುತ್ತಾರೆ. ಅಲಗಿನ ಮೇಲೆ ಬೆವರು ಕಟ್ಟಿದರೆ ಒಳಗೆ ಇನ್ನೂ ನೀರುಂಟು, ಕಟ್ಟಿಗೆ ಹೆಚ್ಚಿಸುವಂತಿಲ್ಲ. ಒಣಗಿದಂತೆ ಕಾಣುವ ಮಣ್ಣಿನಲ್ಲಿ, ಮಣ್ಣಿನೊಡನೆಯೇ ಬೆಸೆದ ಇನ್ನೊಂದು ನೀರಿದೆ. ಅದು ಬಿಡುವುದು 450ರಿಂದ 600 ಡಿಗ್ರಿಯೊಳಗೆ. ಅಲ್ಲಿಯವರೆಗೆ ನಿಧಾನಿಸಿದವನ ಚಟ್ಟಿ ಉಳಿಯುತ್ತದೆ. ಒಳಗೆ ಮಂಕಾದ ಕೆಂಪು ಕಂಡ ಮೇಲೆ ಕಟ್ಟಿಗೆ ಧಾರಾಳ ಕೊಡಬಹುದು. ಕೆಂಪು ತಿಳಿಯಾಗಿ, ಕಿತ್ತಳೆಗೆ ತಿರುಗಿದಾಗ 950 ದಾಟಿತೆಂದು ತಿಳಿಯಬೇಕು. ನಾವು ಅದೇ ಮಣ್ಣಿನ ಉಂಗುರಗಳನ್ನು ಬಾಗಿಲ ಸಂದಿಯ ಬಳಿ ಇಟ್ಟು, ಒಂದೊಂದಾಗಿ ಸರಿಗೆಯಿಂದ ಎಳೆದು, ಆರಿದ ಮೇಲೆ ಬಡಿದು ನಾದ ಕೇಳಿ ತೀರ್ಮಾನಿಸಿದೆವು. ಒಟ್ಟು 14 ಗಂಟೆ. ಬಳಿಕ ಬಾಯಿ ಮುಚ್ಚಿ ಒಂದೂವರೆ ದಿನ ಯಾರೂ ಮುಟ್ಟಕೂಡದು.

ಕಳೆದ ಫೆಬ್ರವರಿಯಲ್ಲಿ ಇಟ್ಟ 38 ಚಟ್ಟಿಗಳಲ್ಲಿ 29 ಸರಿಯಾಗಿ ಬಂದವು, 5 ಬಾಗಿದವು, 4 ಬಿರಿದವು. ಒಣಗಿದ ಚಟ್ಟಿ ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿದಾಗ ಕಿಲೋವಿಗೆ 120ರಿಂದ 140 ಗ್ರಾಂ ನೀರು ಹೀರಿತ್ತು. ಹೆಂಚನ್ನು ಪರೀಕ್ಷಿಸುವುದೂ ಹೀಗೆಯೇ. ಆ ಚಟ್ಟಿಗಳು ಒಂದು ಮಳೆಗಾಲವನ್ನು ಬಯಲಿನಲ್ಲಿ ಕಳೆದಿವೆ, ಚಕ್ಕೆ ಎದ್ದಿಲ್ಲ. ಕಟ್ಟಿಗೆ ನಾಲ್ಕು ಕ್ವಿಂಟಲಿನಷ್ಟು ಹಿಡಿಯಿತು, ಹೆಚ್ಚಿನದು ಕಾಫಿಯ ನೆರಳಿಗೆ ಸವರಿದ ಸಿಲ್ವರ್ ಓಕ್ ಕೊಂಬೆ ಮತ್ತು ಸತ್ತ ಅಡಿಕೆ ಮರ. ಅಡಿಕೆ ಸಿಪ್ಪೆಯನ್ನು ಉರಿಸಬೇಡಿರಿ, ಅದು ತೋಟದ ಬುಡಕ್ಕೇ ಸಲ್ಲಲಿ.

ಇನ್ನು ಸಾಲದ ಪ್ರಶ್ನೆ. ವಿದ್ಯುತ್ ಕುಲುಮೆಯಲ್ಲಿ ಹೊಗೆಯಿಲ್ಲ, ಕಾವನ್ನು ಹೇಳಿದಂತೆ ಏರಿಸಬಹುದು, ರಾತ್ರಿ ನಿದ್ದೆಗೆಡಬೇಕಾಗಿಲ್ಲ. ಇವೆಲ್ಲ ನಿಜವಾದ ಅನುಕೂಲಗಳೇ. ಆದರೆ ದೊಡ್ಡ ಕುಲುಮೆಗೆ ತ್ರೀ ಫೇಸ್ ಸಂಪರ್ಕ ಬೇಕು, ಗುಡುಗು ಮಿಂಚಿನ ಎಪ್ರಿಲ್ ಸಂಜೆಗಳಲ್ಲಿ ನಮ್ಮ ವಿದ್ಯುತ್ತಿನ ಅವಸ್ಥೆ ಎಲ್ಲರಿಗೂ ತಿಳಿದದ್ದು. ಎರಡು ಹಂಗಾಮು ಇಟ್ಟಿಗೆ ಗೂಡಿನಲ್ಲಿ ಸುಟ್ಟು, ಚಟ್ಟಿಗಳನ್ನು ಮಾರಿದ ಲೆಕ್ಕ ತೋರಿಸುವವರಿಗೆ ಸಾಲ ಕೊಡಬಹುದು, ಮೊದಲೇ ಬೇಡ ಎಂಬುದು ಮಂಡಳಿಗೆ ನನ್ನ ಶಿಫಾರಸು. ಗೂಡನ್ನು ಕಲಿಸುವ ಕುಲಾಲರಿಗೆ ದಿನದ ಸಂಬಳ ಸಂಘದಿಂದಲೇ ಸಲ್ಲಬೇಕು, ಉಪಚಾರದ ಕಾಫಿಯಲ್ಲಿ ತೀರುವ ಋಣ ಅದಲ್ಲ. ಕ್ರಮವಾಗಿ ಓದಿ ಕಲಿಯಲಿಚ್ಛಿಸುವ ಯುವಕ ಯುವತಿಯರು ಬೆಳಗಾವಿ ಜಿಲ್ಲೆಯ ಖಾನಾಪುರದ ಕುಂಬಾರಿಕೆ ತರಬೇತಿ ಕೇಂದ್ರವನ್ನೂ, ಪುತ್ತೂರಿನ ಕುಂಬಾರರ ಸಹಕಾರಿ ಸಂಘವನ್ನೂ ವಿಚಾರಿಸಬಹುದು.

ಮುಂದಿನ ಗೂಡು ಅಡಿಕೆ ಸುಲಿತ ಮುಗಿದ ಮೇಲೆ. ತಮ್ಮ ಗದ್ದೆಯ ಮಣ್ಣು ನೋಡಿಸಬೇಕೆಂದಿರುವವರು ಎರಡು ಸೇರಿನಷ್ಟು ಮಣ್ಣನ್ನು ಒಣಗಿಸಿ, ಗದ್ದೆಯ ಹೆಸರನ್ನೂ ಎಷ್ಟು ಅಡಿ ಕೆಳಗಿನದೆಂಬುದನ್ನೂ ಚೀಟಿಯಲ್ಲಿ ಬರೆದು ಕಛೇರಿಗೆ ಮುಟ್ಟಿಸಬೇಕು. ಪ್ರತಿಯೊಂದರಿಂದಲೂ ಉಂಗುರ ಮಾಡಿ ಅದೇ ಬೆಂಕಿಯಲ್ಲಿ ಸುಟ್ಟು ಹಿಂದಿರುಗಿಸಲಾಗುವುದು.